ನಲವತ್ತೊಂದನೆಯ ಸಿನಿಮಾ

ದಶಕ ಮುಗಿದಿತ್ತು. ವಿಮರ್ಶಕರ ಪಟ್ಟಿಯ ಮೊದಲ ಹತ್ತು ಸಿನಿಮಾಗಳನ್ನು ಬಿಟ್ಟು ಉಳಿದವನ್ನೆಲ್ಲ ಜನರ ನೆನಪಿನಿಂದ ಅಳಿಸಲು ನಗರಸಭೆಯ ಲೋಕೇಶಪ್ಪ ಎಂದಿನಂತೆ ಮನೆಮನೆಗೂ ಯಂತ್ರ ಹಿಡಿದು ಬಂದ. ಸರ್ವಮಂಗಳಮ್ಮ ಬಾಗಿಲಲ್ಲೇ ತಡೆದರು.

“ನನ್ನ ಸಿನಿಮಾಗೆ ನಲವತ್ತೊಂದನೇ ಸ್ಥಾನವಂತೆ! ಅವರಿಗೇನು ಕಣ್ಣಿಲ್ವಾ? ಅದೊಂದನ್ನ ಮುಟ್ಟಬೇಡಪ್ಪ.”

“ಉಳಿಸ್ಕೋಬೇಕು ಅಂದ್ರೆ, ಜೊತೇಲಿ ನೋಡಿದ ಇನ್ನೊಬ್ರು ಬಂದು ಹೇಳ್ಬೇಕಮ್ಮ.”

“ಅವತ್ತಿನ ಆಟಕ್ಕೆ ಥಿಯೇಟರಲ್ಲಿ ಇದ್ದಿದ್ದೇ ನಾವಿಬ್ರು. ನಮ್ಮನೆಯವರು ತೀರ್ಕೊಂಡ್ರಲ್ಲ.”

“ಅಂಥಾ ಕತೆ ಏನಿತ್ತು ಅದರಲ್ಲಿ?”

ಸರ್ವಮಂಗಳಮ್ಮ ತಡವರಿಸಿದರು. “ಕತೆ ಗೊತ್ತಿಲ್ಲಪ್ಪ. ಅವರು ಬಿದ್ದು ಬಿದ್ದು ನಗ್ತಿದ್ರು. ನಾನು ಅವರನ್ನೇ ನೋಡ್ತಾ ಕೂತಿದ್ದೆ.”

“ಹಂಗಾದ್ರೆ ನೀವು ಸಿನಿಮಾ ನೋಡೇ ಇಲ್ವಲ್ಲಮ್ಮ. ಅಳಿಸೋದಕ್ಕೆ ಏನಿದೆ?” ಲೋಕೇಶಪ್ಪ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಪಕ್ಕದ ಮನೆಗೆ ಹೋದ.

ಗಂಡ ಆ ಸಿನಿಮಾದ ಯಾವ ಮಾತಿಗೆ ಅಷ್ಟು ನಕ್ಕಿದ್ದರೆಂದು ಸರ್ವಮಂಗಳಮ್ಮನಿಗೆ ಹೇಳಬಲ್ಲವರು ಸಂಜೆಯ ಹೊತ್ತಿಗೆ ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ.