ಮಾದರಿ ನೀರು

“ನಮ್ಮೊಳಗೇ ಯಾರೋ ಸುದ್ದಿ ಮುಟ್ಟಿಸ್ತಿದ್ದಾರೆ!” ದರ್ಜಿ ಮೇಜು ಗುದ್ದಿದ. ಹಿಂದಿನ ಬೆಂಚಿನಲ್ಲಿದ್ದ ಬಣ್ಣದ ಮೇಸ್ತ್ರಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೆ ಹತ್ತಿತು.

ಟೀಚರ್ ಮನೆಯ ಹಜಾರದಲ್ಲಿ ಹೊಳೆ ಉಳಿಸುವ ಸಂಘದ ಸಭೆ. ಬಟ್ಟೆ ಗಿರಣಿ ತನ್ನ ಬಣ್ಣದ ಕೊಳೆಯನ್ನು ಹೊಳೆಗೆ ಬಿಡುವುದು ಊರಿಗೆಲ್ಲ ಗೊತ್ತು. ಒಂದು ದಿನ ನೀರು ಕೆಂಪು, ಇನ್ನೊಂದು ದಿನ ನೀಲಿ. ಸಂಘದವರು ಪರೀಕ್ಷೆಗೆಂದು ಬಾಟಲಿ ಹಿಡಿದು ಹೋದ ದಿನ ಮಾತ್ರ ತಳದ ಕಲ್ಲು ಎಣಿಸಬಹುದಾದಷ್ಟು ತಿಳಿ.

“ಅನುಮಾನ ಬೇಡ,” ಎಂದರು ಟೀಚರ್. “ಬುಧವಾರ ಬೆಳಿಗ್ಗೆ ಆರಕ್ಕೆ ಮತ್ತೆ ನೀರು ಹಿಡಿಯೋಣ. ಮೇಸ್ತ್ರಿಯಣ್ಣ, ಕೇಳಿಸ್ತಲ್ಲ? ಬುಧವಾರ, ಆರಕ್ಕೆ. ನಿಮ್ಮನ್ನೇ ನಂಬಿಕೊಂಡಿದ್ದೀನಿ.”

ಮೇಸ್ತ್ರಿ ತಲೆ ಎತ್ತಲಿಲ್ಲ.

ಗಿರಣಿಯಲ್ಲಿ ಮೂವತ್ತು ವರ್ಷ ಬಟ್ಟೆಗೆ ಬಣ್ಣ ಹಾಕಿ ನಿವೃತ್ತನಾದವನು ಅವನು. ಅವನನ್ನು ಸಂಘಕ್ಕೆ ಸೇರಿಸಿದ್ದು ಗಿರಣಿಯ ಮ್ಯಾನೇಜರ್. “ಮಗಳ ಕೆಲಸ ಇಲ್ಲೇ ಕಾಯಂ ಆಗ್ಬೇಕಲ್ಲ ಮೇಸ್ತ್ರಿ? ಅಲ್ಲಿ ಏನೇನು ಮಾತಾಡ್ತಾರೆ, ಸ್ವಲ್ಪ ಕಿವಿಗೆ ಹಾಕಿ.” ಅಂದಿನಿಂದ ಸಭೆ ಮುಗಿದೊಡನೆ ಮೇಸ್ತ್ರಿ ಫೋನ್ ಮಾಡುತ್ತಿದ್ದ. ಖರ್ಚು ಉಳಿಸಲು ನಿಲ್ಲಿಸಿಟ್ಟಿದ್ದ ಶುದ್ಧೀಕರಣ ಯಂತ್ರ ನೀರು ಹಿಡಿಯುವ ಆ ಒಂದು ದಿನ ಓಡುತ್ತಿತ್ತು.

ಮೊದಲು ತಿಂಗಳಿಗೊಮ್ಮೆ ನೀರು ಹಿಡಿಯುತ್ತಿದ್ದರು. ಆಮೇಲೆ ವಾರಕ್ಕೊಮ್ಮೆ. ಈಗ ವಾರಕ್ಕೆ ನಾಲ್ಕು ಸಲ. ಮೇಸ್ತ್ರಿ ಅಷ್ಟೂ ಸಲ ಫೋನ್ ಮಾಡಿದ. ಅಷ್ಟೂ ರಾತ್ರಿ ಮಗಳ ಮುಖ ನೋಡದೆ ಉಂಡು ಎದ್ದ.

ಬುಧವಾರ ಬೆಳಿಗ್ಗೆ ಹೊಳೆ ಮತ್ತೆ ತಿಳಿ. ದರ್ಜಿ ಹಲ್ಲು ಕಡಿಯುತ್ತ ಬಾಟಲಿ ತುಂಬಿಸಿದ. ಮೆಟ್ಟಿಲ ಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದ ಹೆಂಗಸು ಮೇಸ್ತ್ರಿಯನ್ನು ಕಂಡು ಕೈ ಒರೆಸಿಕೊಂಡು ಎದ್ದಳು. ಸೀರೆ ತುಸು ಎತ್ತಿ ಪಾದ ತೋರಿಸಿದಳು.

“ನೋಡಣ್ಣ, ಹುಣ್ಣೆಲ್ಲ ಮಾಯ್ತಾ ಬಂತು. ನೀವು ಸಂಘಕ್ಕೆ ಬಂದ ಮೇಲೇ ನೀರು ಸುಧಾರಿಸಿದ್ದು. ಎಲ್ಲ ನಿಮ್ಮ ಕಾಲ್ಗುಣ!”

ಅವಳು ನಗುತ್ತಿದ್ದಳು. ಮೇಸ್ತ್ರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆ ಹುಣ್ಣು ತಂದ ಬಣ್ಣವನ್ನು ಮೂವತ್ತು ವರ್ಷ ಕಲಸಿಕೊಟ್ಟವನು ತಾನು. ಈಗ ಗಿರಣಿಗೆ ಕಾವಲು ನಿಂತವನು.

ಮನೆಗೆ ಹೋಗಲಿಲ್ಲ. ನೇರ ಟೀಚರ್ ಮನೆಗೆ ನಡೆದ. ಅವರು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ.

“ಆ ಸುದ್ದಿ ಮುಟ್ಟಿಸ್ತಿದ್ದವನು ನಾನೇ, ಟೀಚರ್. ನಿಮ್ಮ ಕಣ್ಣಿಗೆ ಬೀಳೋಕೂ ನಾಚಿಕೆ ಆಗ್ತಿದೆ. ಮಗಳ ಕೆಲಸ ಹೋದ್ರೂ ಹೋಗ್ಲಿ. ಇನ್ಮೇಲೆ ಒಂದು ಮಾತೂ ಹೇಳಲ್ಲ.”

ಟೀಚರ್ ಪೆನ್ನಿನ ಮುಚ್ಚಳ ಹಾಕಿದರು. ಮಾತಾಡಿದಾಗ ಅವರ ತಲೆಯೂ ತಗ್ಗಿತ್ತು.

“ನಾಚಿಕೆ ನನಗೂ ಇದೆ, ಅಣ್ಣ. ಆರು ವರ್ಷ ಅರ್ಜಿ ಕೊಟ್ಟೆ, ಒಂದು ದಿನಾನೂ ನೀರು ತಿಳಿಯಾಗ್ಲಿಲ್ಲ. ನಿಮ್ಮ ಫೋನ್ ವಿಷಯ ಮೊದಲ ತಿಂಗಳೇ ಗೊತ್ತಾಯ್ತು, ಆಮೇಲೆ ನೀರು ಹಿಡಿಯೋ ದಿನ ಹೆಚ್ಚಿಸ್ತಾ ಹೋದೆನೇ ಹೊರತು ಒಂದು ಬಾಟಲಿಯನ್ನೂ ನಾನು ಪರೀಕ್ಷೆಗೆ ಕಳಿಸಿಲ್ಲ. ಹೋಗಿ, ಇನ್ಮೇಲೆ ದಿನಾ ಬೆಳಿಗ್ಗೆ ಹಿಡೀತಾರಂತೆ ಅಂತ ಮ್ಯಾನೇಜರ್‌ಗೆ ಹೇಳಿ.”