ಬೆಳಗಿನ ಉಂಡೆ

ನೆಲಮಾಳಿಗೆಯ ಕೆಳಗಿನ ಮೆಟ್ಟಿಲು ಮುಳುಗಿತು. ಪಾಯಿಖಾನೆಯ ಕಪ್ಪು ನೀರು ಹಿಂದಕ್ಕೆ ಉಕ್ಕಿ, ಹೊಲಿಗೆ ಮಿಷನ್ನಿನ ಕಾಲು ನೆನೆಸಿ, ಪಕ್ಕದ ಬೀದಿಯ ಮದುಮಗಳ ಕೆಂಪು ಲೆಹೆಂಗಾದ ಅಂಚಿಗೂ ಹತ್ತಿತ್ತು.

"ಯಾರೋ ಪೈಪಿಗೆ ಏನೋ ಹಾಕಿದಾರೆ," ಮೇಲೆ ನಿಂತ ಅಮಾನ್ ಮೂಗು ಮುಚ್ಚಿಕೊಂಡೇ ಹೇಳಿದ.

ಮಹ್ವಿಶ್ ಗಂಡನ ಮುಖ ನೋಡಲಿಲ್ಲ. ಯಾರೆಂದು ಅವಳಿಗೆ ಗೊತ್ತಿತ್ತು.

ಅತ್ತೆ ಮೆಹರುನ್ನೀಸಾ ಕುಪ್ಪಸದ ತೋಳು ಮೇಲಕ್ಕೆ ಮಡಚಿ ಬಕೆಟ್ಟಿನಿಂದ ನೀರು ತೋಡುತ್ತಿದ್ದರು. ಇಡೀ ಚಿತ್ರದುರ್ಗದಲ್ಲಿ ಅವರ ಕೈಹೊಲಿಗೆಗೆ ಹೆಸರು. ಬೇರೆಯವರ ಮದುವೆ ಬಟ್ಟೆ ಹಾಳಾಯಿತೆಂದು ಮತ್ತೆ ಮತ್ತೆ ಲೆಹೆಂಗಾದ ಕಡೆ ನೋಡುತ್ತಿದ್ದರು. ಆದರೂ ಒಬ್ಬರನ್ನೂ ಬೈಯಲಿಲ್ಲ.

ಅದೇ ಮಹ್ವಿಶ್‌ಗೆ ಹೆಚ್ಚು ಚುಚ್ಚಿತು. ಮಗುವಾಗಲೆಂದು ಅತ್ತೆ ಹೊಸದುರ್ಗದ ಹಕೀಮರಿಂದ ಮದ್ದು ತಂದಿದ್ದರು. ದಿನಾ ಬೆಳಿಗ್ಗೆ ತುಪ್ಪದಲ್ಲಿ ಉಂಡೆ ಕಟ್ಟಿ, ಮನೆಯವರೆಲ್ಲ ನೋಡುವ ಹಾಗೆ ಸೊಸೆಯ ಅಂಗೈಗೆ ಇಡುತ್ತಿದ್ದರು. ಬಿ.ಎಡ್. ಮುಗಿಯುವವರೆಗೆ ಮಗು ಬೇಡವೆಂದು ಹೇಳುವ ಧೈರ್ಯ ಮಹ್ವಿಶ್‌ಗೆ ಇರಲಿಲ್ಲ. ಸೆರಗಿನ ಮರೆಯಲ್ಲಿ ಒಯ್ದು ಪಾಯಿಖಾನೆಗೆ ಹಾಕಿ ನೀರು ಬಿಡುತ್ತಿದ್ದಳು. ಒಂದು ವರ್ಷದಿಂದ. ನೆಂಟರು "ಇನ್ನೂ ಏನೂ ಇಲ್ವಾ?" ಎಂದು ಕೇಳಿದಾಗಲೆಲ್ಲ ಅತ್ತೆ ಥಟ್ಟನೆ ಮಾತು ತಿರುಗಿಸುತ್ತಿದ್ದರು.

ಪ್ಲಂಬರ್ ಕೆಂಚಪ್ಪ ಅಂಗಳದ ಚೇಂಬರ್ ಮುಚ್ಚಳ ತೆಗೆದು ಬಿದಿರು ದಬ್ಬೆ ತೂರಿಸಿದ. ನಾಲ್ಕಾರು ಸಲ ತಿವಿದ ಮೇಲೆ ಬೂದು ಬಣ್ಣದ ದಪ್ಪ ಗಂಟೊಂದು ಈಚೆ ಬಂತು.

"ಇದೇನಮ್ಮಾ, ಹಿಟ್ಟು ನಾದಿದಂಗೈತೆ! ಜಿಡ್ಡು ಬೇರೆ ಹಿಡ್ಕಂಡೈತೆ. ಇಂಥದ್ದೆಲ್ಲ ಹಾಕಬ್ಯಾಡ್ರಿ."

ಅತ್ತೆಯ ಮುಖ ಬಿಳಿಚಿತು. ಕೆಳಗೆ ಗೊಳಗೊಳ ಸದ್ದಾಗಿ ನೀರು ಇಳಿಯತೊಡಗಿತು.

ಕೆಂಚಪ್ಪ ಕೈ ತೊಳೆದು ಹೊರಟ. ಅಮಾನ್ ಫಿನಾಯಿಲ್ ತರಲು ಅಂಗಡಿಗೆ ಹೋದ. ಲೆಹೆಂಗಾ ಹಿಂಡುತ್ತಿದ್ದ ಅತ್ತೆಯ ಪಕ್ಕ ಮಹ್ವಿಶ್ ಕುಸಿದು ಕುಳಿತಳು.

"ಅಮ್ಮೀ, ನಾನೇ ಹಾಕಿದ್ದು. ನೀವು ಕೊಟ್ಟ ಉಂಡೆ ಒಂದನ್ನೂ ತಿಂದಿಲ್ಲ. ಈ ಮನೇಲಿ ಮಗು ಇಲ್ದೇ ಇರೋದು ನನ್ನಿಂದ. ನೀವು ಕೈಯಾರೆ ಮಾಡಿದ ಮದ್ದನ್ನ ಕಕ್ಕಸಿಗೆ ಎಸೆದೆ. ಮಾಫ್ ಮಾಡಿ."

ಬೈಗುಳಕ್ಕೆ ತಲೆ ತಗ್ಗಿಸಿ ಕಾದಳು. ಮೆಹರುನ್ನೀಸಾ ಬಾಗಿಲ ಕಡೆ ನೋಡಿ, ಮಗ ಇನ್ನೂ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಒದ್ದೆ ಕೈಯಲ್ಲೇ ಸೊಸೆಯ ಕೈ ಹಿಡಿದರು.

"ಮಾಫಿ ನಾನು ಕೇಳ್ಬೇಕು, ಬೇಟಿ. ಹಕೀಮರು ಮದ್ದು ಕೊಟ್ಟಿದ್ದು ಅಮಾನ್‌ಗೆ, ಅದನ್ನ ದಿನಾ ಅವನ ಹಾಲಿಗೆ ಬೆರೆಸ್ತಿದ್ದೆ. ಅವನ ಮಾನ ಉಳೀಲಿ ಅಂತ ಎಲ್ಲರೆದುರು ನಿನಗೆ ಕೊಟ್ಟಿದ್ದು ಬರೀ ಗೋಧಿಹಿಟ್ಟು."