ತಲೆಕೆಳಗಾದ ಹೂವು

ಬಚ್ಚಲಿನಲ್ಲಿ ಸುರಿದ ನೀರು ಹೊಸ್ತಿಲು ದಾಟಿ, ಮಂಚದ ಕೆಳಗೆ ಹಾದು, ಮೇಸ್ತ್ರಿಯ ಚಪ್ಪಲಿಯನ್ನು ಮುಟ್ಟಿತು. ಅವನು ಕಾಲೆತ್ತಿಕೊಂಡು ಕುಳಿತ.

"ರೀ, ಈ ನೆಲ ಹಾಕಿದ ಮಹಾನುಭಾವ ಯಾರ್ರೀ?" ಒಳಗಿನಿಂದ ಹೆಂಡತಿ ಕೂಗಿದಳು. "ನೀರು ಜಾಲರಿ ಕಡೆ ಹೋಗೋದು ಬಿಟ್ಟು ರೂಮಿಗೆ ಬರ್ತಿದೆ. ವಾಟ ಕೊಡ್ಬೇಕು ಅನ್ನೋದೂ ಗೊತ್ತಿಲ್ಲವಾ ಆ ಮೇಸ್ತ್ರಿಗೆ?"

ಗಾರೆ ಮೇಸ್ತ್ರಿಯ ಜೊತೆ ಇಪ್ಪತ್ತೆಂಟು ವರ್ಷ ಬಾಳಿದವಳಿಗೆ, ನೀರು ಹರಿಯಲು ಕೊಡುವ ಇಳಿಜಾರಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಎರಡು ದಿನ ಕೋಟೆ, ಅರಮನೆ ನೋಡಿಕೊಂಡು ಬನ್ನಿ ಎಂದು ಮಗಳು ಮೊಬೈಲಿನಲ್ಲೇ ಈ ಹೋಟೆಲನ್ನು ಗೊತ್ತು ಮಾಡಿದ್ದಳು. ಫೋಟೋದಲ್ಲಿ ಕಿಟಕಿಯಾಚೆ ಕೋಟೆ ಕಂಡಿತ್ತು. ಇಲ್ಲಿ ಕಿಟಕಿಯಾಚೆ ಇನ್ನೊಂದು ಕಿಟಕಿಯಿತ್ತು. ಅದರಲ್ಲೊಬ್ಬ ಗಡ್ಡ ಬೋಳಿಸಿಕೊಳ್ಳುತ್ತಿದ್ದ.

ಬೋರ್ಡು ಬದಲಾಗಿತ್ತು, ಗೋಡೆಯ ಬಣ್ಣ ಬದಲಾಗಿತ್ತು. ಆದರೆ ಮೆಟ್ಟಿಲು ಹತ್ತುವಾಗಲೇ ಮೇಸ್ತ್ರಿಯ ಪಾದಕ್ಕೆ ಗುರುತು ಸಿಕ್ಕಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಈ ಕಟ್ಟಡದ ಎಲ್ಲಾ ಬಚ್ಚಲುಗಳಿಗೆ ಟೈಲ್ಸ್ ಹಾಕಿದವನು ಅವನೇ. ಉದ್ಘಾಟನೆಗೆ ಒಂಬತ್ತು ದಿನ ಉಳಿದಿತ್ತು, ಮಾಲೀಕ ಬೆನ್ನು ಬಿದ್ದಿದ್ದ. ನೆಲದ ಏರುತಗ್ಗು ನೋಡುವ ರಸಮಟ್ಟ ಚೀಲದಿಂದ ಹೊರಗೆ ಬರಲೇ ಇಲ್ಲ. ಬಚ್ಚಲು ತಾನೇ, ಯಾರು ನೋಡುತ್ತಾರೆ ಅಂದುಕೊಂಡಿದ್ದ.

ಈಗ ಹೆಂಡತಿ ನೋಡುತ್ತಿದ್ದಳು.

ಅಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡು ಎರಡು ದಿನ ತಳ್ಳಬಹುದಿತ್ತು. ಆದರೆ ಕೈಯಾಡಿಸಿದ ನೆಲದಲ್ಲೆಲ್ಲ, ಬಾಗಿಲ ಹಿಂದಿನ ಮೂಲೆಯಲ್ಲಿ, ಹೂವಿನ ಟೈಲ್ಸ್ ಒಂದನ್ನು ತಲೆಕೆಳಗಾಗಿ ಕೂರಿಸುವುದು ಅವನ ಪದ್ಧತಿ. ನೆಂಟರ ಮನೆಗೆ ಹೋದರೆ ಹೆಂಡತಿ ಮೊದಲು ಬಾಗಿಲ ಹಿಂದೆ ಬಗ್ಗುತ್ತಿದ್ದಳು, "ನೋಡಿ, ಇದು ನಮ್ಮನೆಯವರ ಕೈಕೆಲಸ" ಎಂದು ನಾಲ್ಕು ಜನರನ್ನು ಕರೆದು ತೋರಿಸುತ್ತಿದ್ದಳು. ಊರೆಲ್ಲ ಬೈದರೂ ಅವನು ತಡೆದುಕೊಂಡಾನು. ಆ ಹೆಮ್ಮೆ ಹೋದರೆ ಅವನಿಗೆ ಉಳಿಯುವುದು ಬರೀ ಬೆನ್ನುನೋವು. ಅವಳು ತಲೆ ಒರೆಸಿಕೊಳ್ಳಲು ಹೊರಗೆ ಬಂದದ್ದೇ ತಡ, ಅವನು ಒಳಗೆ ಹೋಗಿ ಬಕೆಟ್ಟನ್ನು ಆ ಟೈಲ್ಸಿನ ಮೇಲಿಟ್ಟ. ಅವಳು ಅದನ್ನು ಮತ್ತೆ ನಲ್ಲಿಯ ಕೆಳಗೆಳೆದಳು. ಅವನು ಮತ್ತೆ ಇಟ್ಟ.

ಕೋಟೆಯೊಳಗೆ ನಾನೂರು ವರ್ಷದ ಸ್ನಾನದ ಮನೆಯಿತ್ತು. ಗೈಡು ಒಂದು ಚೊಂಬು ನೀರನ್ನು ಕಲ್ಲಿನ ನೆಲದ ಮೇಲೆ ಚೆಲ್ಲಿದ. ನೀರು ಎಡಬಲ ನೋಡದೆ ನೇರ ಹೋಗಿ ಮೂಲೆಯ ತೂತಿಗೆ ಇಳಿಯಿತು.

"ಇನ್ನೊಂದ್ಸಲ ಹಾಕಿ," ಎಂದಳು ಹೆಂಡತಿ. ಗೈಡು ಹಾಕಿದ. "ಇದನ್ನ ನಮ್ಮ ಹೋಟೆಲಿನ ಮೇಸ್ತ್ರಿ ಬಂದು ನೋಡ್ಬೇಕಿತ್ತು."

ಮೇಸ್ತ್ರಿ ನೋಡುತ್ತಲೇ ಇದ್ದ. ಗೈಡು ಗೋಡೆಯ ಕಡೆ ಕೈ ತೋರಿಸಿದ. ಕಲ್ಲುಗಳ ಮೇಲೆ ಅಲ್ಲೊಂದು ಮೀನು, ಇಲ್ಲೊಂದು ಬಾಣ ಕೆತ್ತಿದ್ದರು.

"ಕಲ್ಲುಕುಟಿಗರ ಗುರುತು ಇವು, ಒಬ್ಬೊಬ್ಬರದು ಒಂದೊಂದು."

"ಹೆಸರು ಉಳೀಲಿ ಅಂತಲಾ?" ಎಂದು ಮೇಸ್ತ್ರಿ ಕೇಳಿದ.

"ಅಲ್ಲ ಸಾರ್. ಕೆಲಸ ಕೆಟ್ಟರೆ ಯಾರನ್ನ ಕರೀಬೇಕು ಅಂತ ಗೊತ್ತಾಗ್ಲಿ ಅಂತ."

ಆಮೇಲೆ ಅರಮನೆ, ಆನೆಲಾಯ, ಎರಡು ಬುರುಜು ನೋಡಿದರು. ಮೇಸ್ತ್ರಿಗೆ ಅದರಲ್ಲಿ ಒಂದೂ ನೆನಪಿಲ್ಲ.

ಭಾನುವಾರ ಮಧ್ಯಾಹ್ನ ಬೀಗದ ಕೈ ಒಪ್ಪಿಸುವಾಗ ಮ್ಯಾನೇಜರ್ ಅಭಿಪ್ರಾಯದ ಪುಸ್ತಕ ಮುಂದಿಟ್ಟ. ಹೆಂಡತಿ ಕನ್ನಡಕ ಹಾಕಿಕೊಂಡು ಶುರುವಿಟ್ಟಳು. ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಕೂಗುತ್ತದೆ. ಚಹಾ ತಣ್ಣಗಿದೆ, ನೀರು ಇನ್ನೂ ತಣ್ಣಗಿದೆ. ಬಚ್ಚಲ ನೆಲ ಹಾಕಿದವನಿಗೆ ನಾಚಿಕೆಯಾಗಬೇಕು. ಅಲ್ಲಿ ಪೂರ್ಣವಿರಾಮ ಹಾಕಿ, "ನೀವೂ ಏನಾದ್ರೂ ಬರೀರಿ," ಎಂದು ಪೆನ್ನು ಕೊಟ್ಟಳು.

ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತನ್ನು ಅವನು ಎಷ್ಟೋ ಜನರಿಗೆ ಹೇಳಿದ್ದ. ಹೆಂಡತಿಯ ಕೊನೆಯ ಸಾಲಿನ ಕೆಳಗೆ ಒಂದು ಹೂವು ಬರೆದ. ತೊಟ್ಟು ಮೇಲೆ, ಎಸಳು ಕೆಳಗೆ. ಪಕ್ಕದಲ್ಲಿ ತನ್ನ ಫೋನ್ ನಂಬರು ಬರೆದ.

"ಏನ್ಸಾರ್ ಇದು?" ಎಂದ ಮ್ಯಾನೇಜರ್.

"ಕೆಲಸ ಕೆಟ್ಟಿದೆ. ಕರೀಬೇಕಾದವನು ನಾನು," ಎಂದ ಮೇಸ್ತ್ರಿ. ಹೆಂಡತಿಯ ಮುಖ ನೋಡುವ ಧೈರ್ಯ ಬರಲಿಲ್ಲ; ಪುಸ್ತಕವನ್ನೇ ನೋಡುತ್ತ, "ನಿನಗೆ ಮೊದ್ಲೇ ಹೇಳ್ಬೇಕಿತ್ತು ಕಣೆ," ಎಂದ.

"ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನ ಬಕೆಟ್ ಎತ್ತಿಡದ ಮನುಷ್ಯ," ಎಂದಳು ಅವಳು, "ನಿನ್ನೆಯಿಂದ ಆರು ಸಲ ಎತ್ತಿಟ್ರಿ. ಅದರ ಕೆಳಗೇನಿದೆ ಅಂತ ನಾನು ನೋಡದೆ ಇರ್ತೀನಾ?"

ಮೇಸ್ತ್ರಿ ಪೆನ್ನನ್ನು ಮೇಜಿನ ಮೇಲಿಟ್ಟ.

"ಒಟ್ಟು ಎಷ್ಟು ಬಚ್ಚಲು?" ಎಂದು ಅವಳೇ ಕೇಳಿದಳು.

"ಇಪ್ಪತ್ನಾಲ್ಕು."

ಹೆಂಡತಿ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟಳು. ಮೇಜಿನ ಮೇಲಿದ್ದ ಬೀಗದ ಕೈಯನ್ನು ಮ್ಯಾನೇಜರ್ ಎತ್ತಿಕೊಳ್ಳುವುದರೊಳಗೆ ತನ್ನ ಕಡೆಗೆ ಎಳೆದುಕೊಂಡಳು.

"ಇಪ್ಪತ್ನಾಲ್ಕೂ ಮುಗಿಯೋವರೆಗೆ ನಾವು ಇಲ್ಲೇ ಮಲಗ್ಬೇಕಲ್ಲ, ಆ ಫ್ಯಾನು ಮಾತ್ರ ಇವತ್ತೇ ಸರಿ ಮಾಡಿಸ್ಬಿಡಿ," ಎಂದಳು ಮ್ಯಾನೇಜರಿಗೆ.